ಸೇತುವೆ ದಾಟಿದ ಮೇಲೆ ಒಂದು ಸಂಕ

ಸಾಗರದಿಂದ ಬೆಳಿಗ್ಗೆ ಹೊರಟ ಬಸ್ಸು ಆವಿನಹಳ್ಳಿ ದಾಟಿ ಹೊಳೆಬಾಗಿಲಿನ ಇಳಿಜಾರಿಗೆ ಬಂದಾಗ, ಅಭ್ಯಾಸಬಲದಿಂದ ನಾನು ಸೀಟಿನಿಂದ ಎದ್ದು ನಿಂತೆ. ಚೀಲವನ್ನು ಹೆಗಲಿಗೇರಿಸಿದ್ದೂ ಆಯಿತು. ಪಕ್ಕದಲ್ಲಿದ್ದ ಹುಡುಗ ನಕ್ಕು, ‘ಇಳಿಯೋದು ಬೇಡ ಸಾರ್, ಬಸ್ಸೇ ಆ ಕಡೆ ಹೋಗ್ತದೆ’ ಎಂದ. ನಾಚಿಕೆಯಾಗಿ ಕುಳಿತೆ. ಬಸ್ಸು ನಿಲ್ಲದೆ ಸೇತುವೆ ಏರಿತು. ಎರಡೂ ಬದಿಗೆ ಶರಾವತಿಯ ಹಿನ್ನೀರು. ಮಳೆಗಾಲ ಮುಗಿದು ಹೆಚ್ಚು ದಿನವಾಗಿರಲಿಲ್ಲ, ನೀರು ತುಂಬಿ ತುಳುಕುತ್ತಿತ್ತು. ನಡುಗಡ್ಡೆಗಳ ತಲೆ ಮಾತ್ರ ಹಸಿರಾಗಿ ಮೇಲೆ ಕಾಣುತ್ತಿತ್ತು. ಕಣ್ಣು ತುಂಬ ನೋಡಿ ಮುಗಿಸುವ ಮೊದಲೇ ಕಳಸವಳ್ಳಿ ದಡ ಬಂದುಬಿಟ್ಟಿತು.

ಈ ದಡಕ್ಕೂ ಆ ದಡಕ್ಕೂ ನಡುವಿನ ದೂರ ಏನೆಂಬುದು ಲಾಂಚಿಗೆ ಕಾದವರಿಗೆ ಮಾತ್ರ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನೀರು ನಿಂತ ಮೇಲೆ ಕರೂರು, ಬಾರಂಗಿ ಹೋಬಳಿಯ ಹಳ್ಳಿಗಳು ತಾಲ್ಲೂಕು ಕೇಂದ್ರದಿಂದ ದೂರವಾದವು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಈ ಜನರ ದಾರಿಯನ್ನು ಮುಳುಗಿಸಿತು. ಲಾಂಚ್ ಬಿಟ್ಟರೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು ಸುತ್ತುಬಳಸಿ ಸಾಗರ ಸೇರಬೇಕು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಆ ದಿನ ಮುಗಿದಂತೆ. ಬೇಸಿಗೆಯಲ್ಲಿ ನೀರಿಳಿದರೆ ಲಾಂಚಿನ ಮೇಲೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ದಶಕಗಳ ಕೂಗಿನ ನಂತರ 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಈಗ ಸಿಗಂದೂರಿನ ಚೌಡೇಶ್ವರಿ ದರ್ಶನಕ್ಕೆ ಬರುವವರು ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ನಾನು ಹೊರಟಿದ್ದು ದೇವಸ್ಥಾನಕ್ಕಲ್ಲ, ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ನೋಡಲು.

ಕಾದ ರಾತ್ರಿ

1996ರಲ್ಲಿ ನನಗೆ ಮೊದಲ ನೇಮಕವಾದದ್ದು ಈ ಕಡೆಯ ಒಂದು ಪ್ರೌಢಶಾಲೆಗೆ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ, ಕೈಯಲ್ಲೊಂದು ಟ್ರಂಕು ಹಿಡಿದು ಲಾಂಚಿನಿಂದಿಳಿದ ನನಗೆ ಉಳಿಯಲು ಕೊಠಡಿ ಸಿಗಲಿಲ್ಲ. ಶಾಲೆಯಿಂದ ಎರಡು ಮೈಲಿ ದೂರದ ಒಂದು ಮನೆಯವರು ಜಗಲಿಯ ಪಕ್ಕದ ಕೋಣೆ ಬಿಟ್ಟುಕೊಟ್ಟರು. ಬಾಡಿಗೆ ಕೇಳಲಿಲ್ಲ, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರೆ ಸಾಕೆಂದರು. ಆ ಮನೆಯ ಯಜಮಾನರ ಹೆಂಡತಿಯನ್ನು ಊರೆಲ್ಲ ದೊಡ್ಡಮ್ಮ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ನಾಲ್ಕು ವರ್ಷ ಆಕೆಯ ಕೈಯ ಗಂಜಿ, ಅಪ್ಪೆಹುಳಿ ತಿಂದು ಬೆಳೆದ ದೇಹ ಇದು.

ಎರಡನೆಯ ಮಳೆಗಾಲದಲ್ಲಿ ಒಂದು ರಾತ್ರಿ ಯಜಮಾನರು ಊಟಕ್ಕೆ ಕುಳಿತವರು ತುತ್ತು ಎತ್ತಲಾರದೆ ವಾಲಿದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಕಂಬಳಿಯಲ್ಲಿ ಮಲಗಿಸಿ ಹೊತ್ತು ದಡಕ್ಕೆ ತಂದೆವು. ಲಾಂಚ್ ಆಚೆ ದಡದಲ್ಲಿ ಕಟ್ಟಿತ್ತು. ಲಾಟೀನು ಬೀಸಿದೆವು, ಕೂಗಿದೆವು. ಗಾಳಿಯ ಹೊಡೆತಕ್ಕೆ ಕೂಗು ನಮಗೇ ಕೇಳಿಸುತ್ತಿರಲಿಲ್ಲ. ಬೆಳಗಿನ ಲಾಂಚ್ ಹಿಡಿದು ಅವರನ್ನು ಸಾಗರಕ್ಕೆ ಮುಟ್ಟಿಸಿದಾಗ ಹೊತ್ತು ಏರಿತ್ತು. ಜೀವ ಉಳಿಯಿತು, ಎಡಭಾಗ ಬಿದ್ದುಹೋಯಿತು.

ಆ ಮೇಲೆ ಅವರು ಬದುಕಿದ್ದು ಐದು ತಿಂಗಳು. ಇವತ್ತಿಗೂ ಊರಿನಲ್ಲಿ ‘ಸೇತುವೆ ಇದ್ದಿದ್ದರೆ ಬದುಕುತ್ತಿದ್ದರು’ ಎನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ಬೇಗ ಆಸ್ಪತ್ರೆ ಸೇರಿದ್ದರೆ ಕೈಕಾಲಿಗೆ ಇಷ್ಟು ಪೆಟ್ಟಾಗುತ್ತಿರಲಿಲ್ಲವೇನೋ. ಆದರೆ ಕೊನೆಗೆ ಅವರನ್ನು ತೆಗೆದುಕೊಂಡು ಹೋದದ್ದು ಸೊಂಟದ ಮೇಲೆ ಆದ ಹಾಸಿಗೆ ಹುಣ್ಣು. ಹುಣ್ಣು ಕೊಳೆತು ಜ್ವರ ಬಂತು, ಜ್ವರ ಇಳಿಯಲಿಲ್ಲ. ಐದು ತಿಂಗಳಲ್ಲಿ ಆ ಮನೆಗೆ ನೆಂಟರು ಬಂದರು, ಹಣ್ಣು ತಂದರು, ಹರಕೆ ಹೊತ್ತರು. ಮಲಗಿದವರನ್ನು ಹೇಗೆ ಮಗ್ಗುಲಾಗಿಸಬೇಕು ಎಂದು ಹೇಳಿಕೊಡುವವರು ಒಬ್ಬರೂ ಬರಲಿಲ್ಲ. ಅದೇ ಮನೆಯಲ್ಲಿದ್ದ ವಿಜ್ಞಾನದ ಮೇಷ್ಟ್ರಿಗೂ ಅದು ಗೊತ್ತಿರಲಿಲ್ಲ.

ಗೊತ್ತಾದದ್ದು ತೀರ ತಡವಾಗಿ. 2024ರಲ್ಲಿ ನನ್ನ ತಾಯಿ ಸಾಗರದ ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದರು. ಆಸ್ಪತ್ರೆ ಕೂಗಳತೆಯಲ್ಲಿ, ಔಷಧದ ಅಂಗಡಿ ರಸ್ತೆ ತಿರುವಿನಲ್ಲಿ. ಹಾಗಿದ್ದೂ ಅವರ ಬೆನ್ನಿನ ಕೆಳಗೆ ಹುಣ್ಣಾಗಿರುವುದು ನಮ್ಮ ಗಮನಕ್ಕೆ ಬಂದದ್ದು ವಾಸನೆಯಿಂದ. ಕೆಂಪಾಗಿದ್ದಾಗ ಪೌಡರ್ ಹಾಕಿ ತಿಕ್ಕಿದ್ದೆವು, ರಬ್ಬರಿನ ಬಳೆಯಂಥ ದಿಂಬು ಕೊಟ್ಟಿದ್ದೆವು. ಎರಡೂ ತಪ್ಪು ಎಂದು ಆಮೇಲೆ ತಿಳಿಯಿತು. ಆಸ್ಪತ್ರೆ ಹತ್ತಿರವಿದ್ದ ಮಾತ್ರಕ್ಕೆ ಆರೈಕೆ ಮನೆಯೊಳಗೆ ಬಂದಂತಲ್ಲ ಎಂಬ ಪಾಠವನ್ನು ನಾನು ಕಲಿತದ್ದು ತಾಯಿಯ ಹಾಸಿಗೆಯ ಪಕ್ಕ.

2025ರ ದಸರಾ ರಜೆಯಲ್ಲಿ ನಾವು ಶಿಕ್ಷಕರು ಸಮೀಕ್ಷೆಗೆಂದು ಮನೆ ಮನೆ ಸುತ್ತಿದ್ದು ಓದುಗರಿಗೆ ನೆನಪಿರಬಹುದು. ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಉತ್ತರ ತುಂಬುತ್ತಿದ್ದರೆ, ಎಷ್ಟೋ ಮನೆಗಳಲ್ಲಿ ಒಳಕೋಣೆಯಿಂದ ನರಳುವ ಸದ್ದು ಕೇಳುತ್ತಿತ್ತು. ‘ಅಪ್ಪ, ಎದ್ದು ಓಡಾಡೋ ಹಾಗಿಲ್ಲ’ ಎಂದು ಮನೆಯವರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಬೀದಿಯಲ್ಲಿ ಕಾಣದ ಒಂದು ಊರೇ ಒಳಕೋಣೆಗಳಲ್ಲಿ ಮಲಗಿದೆ ಎನಿಸಿತು. ದೀಪಾವಳಿ ಕಳೆದ ವಾರ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಬಳಗದಲ್ಲಿ ನನ್ನ ನಂಬರ್ ಹಿಡಿದು ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿದಳು. ‘ದೊಡ್ಡಮ್ಮ ಬಿದ್ದು ಸೊಂಟದ ಮೂಳೆ ಮುರಿದಿದೆ ಸಾರ್. ಮೇಷ್ಟ್ರು ಒಂದ್ಸಲ ಬರ್ತಾರಾ ಕೇಳು ಅಂತಿದಾರೆ.’

ಆಶಾ ಜತೆ ನಡಿಗೆ

ಆ ವಿದ್ಯಾರ್ಥಿನಿ ಈಗ ಆಶಾ ಕಾರ್ಯಕರ್ತೆ. ಬಸ್ಸಿಳಿದಾಗ ಗುಲಾಬಿ ಸೀರೆಯುಟ್ಟು, ಹೆಗಲಿಗೊಂದು ಬ್ಯಾಗು ಹಾಕಿ ಕಾಯುತ್ತಿದ್ದಳು. ‘ಭಾನುವಾರವೂ ಕೆಲಸವೇನಮ್ಮ?’ ಎಂದೆ. ‘ಹೆರಿಗೆ, ಜ್ವರ ಭಾನುವಾರ ನೋಡ್ಕಂಡು ಬರ್ತದಾ ಸಾರ್?’ ಎಂದು ನಕ್ಕಳು. ನಲವತ್ತು ದಾಟಿದ ಹೆಂಗಸು. ನಕ್ಕಾಗ ಮಾತ್ರ ಎಂಟನೇ ಕ್ಲಾಸಿನ ಎರಡನೇ ಬೆಂಚಿನ ಹುಡುಗಿ ಕಂಡಳು.

ದೊಡ್ಡಮ್ಮನ ಮನೆಗೆ ಟಾರು ರಸ್ತೆಯಿಂದ ಮುಕ್ಕಾಲು ಗಂಟೆಯ ನಡಿಗೆ. ಮಲೆನಾಡಿನ ಊರೆಂದರೆ ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲ. ಕಣಿವೆಗೊಂದು ಮನೆ, ಅದರ ತೋಟ, ಆಮೇಲೆ ಗುಡ್ಡ, ಮತ್ತೆ ಒಂದು ಮನೆ. ಸರ್ಕಾರದ ಲೆಕ್ಕದಲ್ಲಿ ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ. ಬಯಲಿನಲ್ಲಿ ಐದು ಸಾವಿರ ಜನಕ್ಕೆ ಒಂದು ಆರೋಗ್ಯ ಉಪಕೇಂದ್ರವಾದರೆ, ಗುಡ್ಡಗಾಡಿನಲ್ಲಿ ಮೂರು ಸಾವಿರಕ್ಕೆ ಒಂದು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಬಯಲಿನ ಸಾವಿರ ಜನ ನಾಲ್ಕು ಬೀದಿಯಲ್ಲಿ ಸಿಗುತ್ತಾರೆ, ಇಲ್ಲಿಯ ಸಾವಿರ ಜನ ನಾಲ್ಕಾರು ಗುಡ್ಡಗಳ ಮೇಲೆ ಹರಡಿದ್ದಾರೆ.

ನಡೆಯುತ್ತ ಆಕೆ ತನ್ನ ಕೆಲಸ ಹೇಳಿದಳು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜತೆ ಹುಟ್ಟಿದ ಹುದ್ದೆ ಇದು. ಹುದ್ದೆ ಎನ್ನುವಂತೆಯೂ ಇಲ್ಲ, ಸಂಬಳದ ಬದಲು ಗೌರವಧನ, ಪ್ರೋತ್ಸಾಹಧನ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನಲ್ಲಿ ಚಳಿಯಲ್ಲಿ ಅಹೋರಾತ್ರಿ ಧರಣಿ ಕುಳಿತದ್ದು ಈ ಹಣಕ್ಕಾಗಿಯೇ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿ ಮತ್ತು ಮಗುವನ್ನು ಮೂರನೆಯ ದಿನದಿಂದ ನಲವತ್ತೆರಡನೆಯ ದಿನದೊಳಗೆ ಆರು ಸಲ ನೋಡಬೇಕು. ಮಗುವಿನ ತೂಕ, ಮೈ ಬಿಸಿ, ಉಸಿರು ಪರೀಕ್ಷಿಸಬೇಕು. ಮಂಗನ ಕಾಯಿಲೆಯ ಕಾಲದಲ್ಲಿ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ತೈಲವನ್ನು ಮನೆ ಮನೆಗೆ ಮುಟ್ಟಿಸಬೇಕು. ಈ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಆ ಕಾಯಿಲೆಯಿಂದಾದ ಸಾವುಗಳನ್ನು ಇಲ್ಲಿ ಯಾರೂ ಮರೆತಿಲ್ಲ.

‘ಹಾಸಿಗೆ ಹಿಡಿದವರನ್ನು ನೋಡುವುದು?’

‘ಅದು ನನ್ನ ಕೆಲಸದ ಪಟ್ಟಿಲಿ ದೊಡ್ಡದಾಗಿ ಇಲ್ಲ ಸಾರ್. ಆದ್ರೆ ದಾರಿಲಿ ಸಿಗೋ ಮನೆ ಅಲ್ವಾ, ನೋಡದೆ ಹ್ಯಾಂಗೆ ಹೋಗೋದು?’

ತೋಟದ ಅಂಚಿಗೆ ಬಂದಾಗ ಹಳ್ಳ ಅಡ್ಡ ಬಂತು. ಅದರ ಮೇಲೊಂದು ಸಂಕ: ನಾಲ್ಕು ಅಡಿಕೆ ಮರ ಒಗ್ಗೂಡಿಸಿ ಬಿಳಲಿನಿಂದ ಬಿಗಿದದ್ದು, ಹಿಡಿಯಲು ಒಂದು ಬಿದಿರ ಗಳ. ನಡುವಿನ ಒಂದು ಮರ ಲಡ್ಡಾಗಿತ್ತು. ಇಪ್ಪತ್ತೈದು ವರ್ಷದ ಹಿಂದೆ ಇಂಥದನ್ನು ಓಡಿ ದಾಟುತ್ತಿದ್ದ ನಾನು ಈಗ ಒಂದೊಂದೇ ಹೆಜ್ಜೆ ಇಟ್ಟೆ. ಹಿಂದಿನಿಂದ ಆಕೆ ಹೇಳಿದಳು: ‘ದೊಡ್ಡಮ್ಮನ್ನ ಇದರ ಮೇಲೇ ಹೊತ್ತದ್ದು ಸಾರ್. ಪ್ಲಾಸ್ಟಿಕ್ ಕುರ್ಚಿಲಿ ಕೂರಿಸಿ, ನಾಲ್ಕು ಜನ.’

ಬಿದ್ದ ದಿನ ಮಾತ್ರವಲ್ಲ. ದೊಡ್ಡಮ್ಮನಿಗೆ ಮೂತ್ರಕ್ಕೆ ಪೈಪು ಹಾಕಿದ್ದಾರೆ. ಅದನ್ನು ಆಗಾಗ ಬದಲಿಸಬೇಕು, ಬದಲಿಸಲು ತರಬೇತಾದ ನರ್ಸ್ ಬೇಕು. ನರ್ಸ್ ಇಲ್ಲಿಗೆ ಬರುವ ವ್ಯವಸ್ಥೆಯಿಲ್ಲ. ಆದ್ದರಿಂದ ಹತ್ತು ನಿಮಿಷದ ಕೆಲಸಕ್ಕಾಗಿ ಎಂಬತ್ತು ದಾಟಿದ, ಮೂಳೆ ಮುರಿದ ಜೀವವನ್ನು ಕುರ್ಚಿಯಲ್ಲಿ ಕಟ್ಟಿ, ಸಂಕ ದಾಟಿಸಿ, ಗುಡ್ಡ ಹತ್ತಿಸಿ, ಜೀಪಿನಲ್ಲಿ ಹಾಕಿ ಒಯ್ಯಬೇಕು. ರಸ್ತೆಗೆ ಬಂದ ಮೇಲೆ ಸೇತುವೆ ಇದೆ, ದಾರಿ ಸಲೀಸು. ಕಳೆದ ಸಲ ಹೊತ್ತು ತಂದಾಗ ಹಗಲಿಡೀ ನರಳಿ, ‘ಇನ್ನು ನನ್ನ ಎತ್ತಬೇಡಿ, ಇಲ್ಲೇ ಬಿಡಿ’ ಎಂದರಂತೆ.

ಒತ್ತಡದ ಪಾಠ

ದಣಪೆ ತೆಗೆದು ಅಂಗಳಕ್ಕೆ ಬಂದೆವು. ಅದೇ ಮನೆ, ಸೋಗೆಯ ಬದಲು ಹೆಂಚು ಬಂದಿದೆ. ಅಂಗಳದ ತುಂಬ ಕೊಯ್ದ ಅಡಿಕೆ. ನಾನಿದ್ದ ಜಗಲಿ ಪಕ್ಕದ ಕೋಣೆಯಲ್ಲೇ ದೊಡ್ಡಮ್ಮ ಮಲಗಿದ್ದರು. ‘ಗಾಳಿ ಬೆಳಕು ಇರ್ಲಿ ಅಂತ ಇಲ್ಲಿಗೆ ತಂದ್ವಿ’ ಎಂದರು ಸೊಸೆ. ದೇಹ ಹಿಡಿಯಷ್ಟಾಗಿತ್ತು. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಆಮೇಲೆ, ‘ಮೇಷ್ಟ್ರೇ, ಊಟ ಮಾಡಿದ್ರಾ?’ ಎಂದರು. ಬೆಳಿಗ್ಗೆ ಹತ್ತು ಗಂಟೆ. ಆ ಮನೆಯಲ್ಲಿ ನನ್ನನ್ನು ಯಾವಾಗಲೂ ಮೊದಲು ಕೇಳುತ್ತಿದ್ದ ಪ್ರಶ್ನೆ ಅದೇ.

ಆಶಾ ಕೈ ತೊಳೆದು ಬಂದಳು. ಸೊಸೆಯೂ ಅವಳೂ ಸೇರಿ ಮಡಿಸಿದ ಹಳೆಯ ಸೀರೆಯನ್ನು ದೊಡ್ಡಮ್ಮನ ಕೆಳಗೆ ಸರಿಸಿ, ಅದನ್ನೇ ಹಿಡಿದು ಮೆಲ್ಲಗೆ ಎಡಮಗ್ಗುಲಿಗೆ ಹೊರಳಿಸಿದರು. ಎಳೆಯಲಿಲ್ಲ, ಎಳೆದರೆ ಚರ್ಮ ಸವೆಯುತ್ತದೆ. ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನಡಿ ಒಂದು. ಬೆನ್ನಿನ ಕೆಳಗೆ ಅಂಗೈಯ ನಡುಭಾಗದಷ್ಟು ಜಾಗ ಕೆಂಪಾಗಿತ್ತು. ಚರ್ಮ ಒಡೆದಿರಲಿಲ್ಲ. ಆಕೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಬಿಟ್ಟಾಗ ಮತ್ತೆ ಕೆಂಪು ತುಂಬುವುದನ್ನು ನನಗೆ ತೋರಿಸಿದಳು. ‘ಒತ್ತಿದಾಗ ಬೆಳ್ಳಗಾಗ್ತದೆ ಅಂದ್ರೆ ರಕ್ತ ಇನ್ನೂ ಓಡಾಡ್ತಿದೆ. ಒತ್ತಿದ್ರೂ ಕೆಂಪು ಹೋಗದಿದ್ರೆ ಕೆಡ್ತು ಅಂತ ಲೆಕ್ಕ. ಎರಡು ವಾರದ ಹಿಂದೆ ಹಾಗೇ ಇತ್ತು ಸಾರ್.’

‘ಇದೆಲ್ಲ ಎಲ್ಲಿ ಕಲಿತೆ?’

‘ಸ್ವಲ್ಪ ತರಬೇತಿಲಿ, ಸ್ವಲ್ಪ ನಮ್ಮ ಸಿಸ್ಟರ್ ಹತ್ರ. ಆದ್ರೆ ಯಾಕೆ ಹೀಗಾಗ್ತದೆ ಅನ್ನೋದು ನೀವೇ ಹೇಳಿದ್ದು ಸಾರ್. ಬಲ, ವಿಸ್ತೀರ್ಣ, ಒತ್ತಡ. ಸ್ಕೂಲ್ ಬ್ಯಾಗಿನ ಪಟ್ಟಿ ಅಗಲ ಇದ್ರೆ ಹೆಗಲು ನೋಯಲ್ಲ ಅಂದಿದ್ರಲ್ಲ?’

ನಾನು ಸುಮ್ಮನೆ ನಿಂತೆ. ಆ ಪಾಠವನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ. ಮೊಳೆಯ ಚೂಪು ತುದಿ, ಚಾಕುವಿನ ಅಲಗು, ಬ್ಯಾಗಿನ ಪಟ್ಟಿ ಎಲ್ಲವನ್ನೂ ಹೇಳಿದ್ದೇನೆ. ಮಲಗಿದ ಮನುಷ್ಯನ ತೂಕ ಸೊಂಟದ ಮೂಳೆ, ಹಿಮ್ಮಡಿ, ಭುಜ ಹೀಗೆ ನಾಲ್ಕಾರು ಸಣ್ಣ ಜಾಗಗಳ ಮೇಲೆ ಬೀಳುತ್ತದೆ. ಸಣ್ಣ ವಿಸ್ತೀರ್ಣ, ಆದ್ದರಿಂದ ಹೆಚ್ಚು ಒತ್ತಡ. ಕೂದಲಿಗಿಂತ ತೆಳುವಾದ ಲೋಮನಾಳಗಳಲ್ಲಿ ರಕ್ತದ ಒತ್ತಡ ಸುಮಾರು 30 ಮಿಲಿಮೀಟರ್ ಪಾದರಸದಷ್ಟು ಮಾತ್ರ. ಹೊರಗಿನ ಒತ್ತಡ ಅದನ್ನು ಮೀರಿದರೆ ನಾಳ ಮುಚ್ಚಿಕೊಳ್ಳುತ್ತದೆ, ಆ ಭಾಗಕ್ಕೆ ಆಮ್ಲಜನಕ ಸಿಗುವುದಿಲ್ಲ. ಆರೋಗ್ಯವಂತರು ನಿದ್ದೆಯಲ್ಲೂ ತಾವಾಗಿ ಹೊರಳುತ್ತಾರೆ. ಹೊರಳಲಾರದವರನ್ನು ಬೇರೆಯವರು ಹೊರಳಿಸಬೇಕು, ಸುಮಾರು ಎರಡು ಗಂಟೆಗೊಮ್ಮೆ. ಇದು ನನ್ನ ವಿಷಯವೇ. ಯಜಮಾನರ ಪಕ್ಕದಲ್ಲಿ ಐದು ತಿಂಗಳು, ತಾಯಿಯ ಪಕ್ಕದಲ್ಲಿ ಏಳು ತಿಂಗಳು ಇದ್ದ ನನಗೆ ಹೊಳೆಯದ ಉದಾಹರಣೆ ಈ ಹೆಣ್ಣುಮಗಳಿಗೆ ಹೊಳೆದಿತ್ತು.

ಗೋಡೆಯ ಮೇಲೆ ಒಂದು ರಟ್ಟು ನೇತಾಡುತ್ತಿತ್ತು. ಒಂಬತ್ತನೇ ತರಗತಿಯ ಮೊಮ್ಮಗಳ ಅಕ್ಷರ: ಆರು ಗಂಟೆ ಎಡ, ಎಂಟು ಗಂಟೆ ಬೆನ್ನು, ಹತ್ತು ಗಂಟೆ ಬಲ. ಹಗಲು ಸೊಸೆ, ಸಂಜೆ ಮೊಮ್ಮಗಳು, ರಾತ್ರಿ ಮಗ. ಕೆಳಗೆ ಇನ್ನೂ ಮೂರು ಸಾಲು: ಒದ್ದೆಯಾದರೆ ಕೂಡಲೇ ಬದಲಿಸುವುದು, ಕೆಂಪಾದಲ್ಲಿ ತಿಕ್ಕದಿರುವುದು, ಮೊಟ್ಟೆ-ಬೇಳೆ-ಹಾಲು ತಪ್ಪಿಸದಿರುವುದು. ನಮ್ಮ ಸಾಗರದ ಮನೆಯ ಗೋಡೆಯ ಮೇಲೆ ಇಂಥ ರಟ್ಟು ಇರಲಿಲ್ಲ.

ಮನೆಗೆ ಬರುವ ಕಾಲು

ಆದರೆ ರಟ್ಟಿನಿಂದ ಎಲ್ಲವೂ ಆಗುವುದಿಲ್ಲ. ಪೈಪು ಬದಲಿಸುವವರು, ಬಿಗಿದ ಕೀಲಿಗೆ ವ್ಯಾಯಾಮ ಹೇಳುವವರು, ನೋವಿಗೆ ತಕ್ಕ ಔಷಧ ಬರೆಯುವವರು ಬೇಕು. ಅವರು ಮನೆಗೇ ಬರುವುದು ಅಸಾಧ್ಯದ ಮಾತೇನಲ್ಲ. ಪಕ್ಕದ ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು ಸೇರಿ ನೋವು ಶಮನದ ಸಣ್ಣ ಚಿಕಿತ್ಸಾಲಯ ತೆರೆದರು. ಊರಿನ ಜನರೇ ಸ್ವಯಂಸೇವಕರಾಗಿ ಅದನ್ನು ಮನೆ ಮನೆಗೆ ಒಯ್ದರು. 2008ರಲ್ಲಿ ಆ ರಾಜ್ಯ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಅಲ್ಲಿ ಪಂಚಾಯಿತಿ ಮಟ್ಟದಲ್ಲಿ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆಯುತ್ತಾರೆ, ಪೈಪು ಬದಲಿಸುತ್ತಾರೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ವೈದ್ಯ ದಂಪತಿ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು, ಮನೆಯಲ್ಲೇ ನವಜಾತ ಶಿಶುಗಳ ಆರೈಕೆ ಮಾಡಿಸಿದರು. ಶಿಶುಗಳ ಸಾವು ಅರ್ಧಕ್ಕಿಂತ ಹೆಚ್ಚು ಇಳಿದದ್ದನ್ನು 1999ರಲ್ಲಿ ಜಗತ್ತಿನ ಮುಂದಿಟ್ಟರು. ಇಂದು ನಮ್ಮ ಆಶಾ ಆರು ಸಲ ಬಾಣಂತಿಯ ಮನೆ ಹೊಗುವುದರ ಹಿಂದೆ ಆ ಕೆಲಸವಿದೆ. ನಮ್ಮಲ್ಲೇ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ಸೋಲಿಗರ ಪೋಡುಗಳಿಗೆ ನಡೆದು ಹೋಗಿಯೇ.

ತಮಿಳುನಾಡು 2021ರ ಆಗಸ್ಟಿನಲ್ಲಿ, ನಮ್ಮ ಗಡಿಗೆ ಹೊಂದಿದ ಕೃಷ್ಣಗಿರಿ ಜಿಲ್ಲೆಯಿಂದ, ಮನೆಗೇ ಔಷಧ ಮತ್ತು ಅಂಗಸಾಧನೆಯ ಚಿಕಿತ್ಸೆ ಒಯ್ಯುವ ಯೋಜನೆ ಆರಂಭಿಸಿತು. ಕರ್ನಾಟಕವೂ ‘ಗೃಹ ಆರೋಗ್ಯ’ ಯೋಜನೆಯನ್ನು 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲಿಟ್ಟು, 2025ರಲ್ಲಿ ಉಳಿದೆಡೆಗೆ ವಿಸ್ತರಿಸಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮನೆ ಬಾಗಿಲಲ್ಲೇ ಪತ್ತೆ ಮಾಡುವುದು ಒಳ್ಳೆಯ ಕೆಲಸ. ಯಜಮಾನರ ರಕ್ತದೊತ್ತಡವನ್ನು ಯಾರಾದರೂ ಮೊದಲೇ ಅಳೆದಿದ್ದರೆ ಆ ರಾತ್ರಿಯೇ ಬರುತ್ತಿರಲಿಲ್ಲವೇನೋ. ಆದರೆ ಬಾಗಿಲವರೆಗೆ ಬಂದ ಯೋಜನೆ ಹೊಸ್ತಿಲು ದಾಟಿ ಒಳಕೋಣೆಯ ಮಂಚದವರೆಗೂ ಬರಬೇಕು. ವಾರಕ್ಕೊಂದು ದಿನ ಒಬ್ಬ ನರ್ಸ್, ಒಂದು ಜೀಪು, ನಾಲ್ಕಾರು ಹಳ್ಳಿಗಳ ಸರದಿ: ಇಷ್ಟಿದ್ದರೆ ದೊಡ್ಡಮ್ಮ ಕುರ್ಚಿಯಲ್ಲಿ ಸಂಕ ದಾಟಬೇಕಿಲ್ಲ. ಎರಡೂವರೆ ಕಿಲೋಮೀಟರ್ ಸೇತುವೆ ಕಟ್ಟಿದ ನಾಡಿಗೆ ಇದು ಭಾರವಾಗಬಾರದು. ಸೇತುವೆ ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಮಾತ್ರ ಇರುವುದಲ್ಲ, ನರ್ಸನ್ನು ಈ ಕಡೆಗೆ ಕರೆತರುವುದಕ್ಕೂ ಇದೆ.

ಮಧ್ಯಾಹ್ನ ಊಟ ಮಾಡಿಸದೆ ಬಿಡಲಿಲ್ಲ. ಹನ್ನೆರಡು ಗಂಟೆಗೆ ಬೆನ್ನು, ಎರಡು ಗಂಟೆಗೆ ಬಲ. ಎರಡನೆಯ ಸಲ ಸೀರೆಯ ಒಂದು ತುದಿ ನಾನು ಹಿಡಿದೆ. ‘ಎತ್ತಿ ಸಾರ್, ಎಳೀಬೇಡಿ’ ಎಂದು ಶಿಷ್ಯೆ ಎಚ್ಚರಿಸಿದಳು. ಹೊರಳಿಸಿದ ಮೇಲೆ ದೊಡ್ಡಮ್ಮ ನನ್ನ ಕೈ ಹಿಡಿದು, ‘ಅವರಿಗೂ ಹೀಗೇ ಮಾಡಬೇಕಿತ್ತು ಅಲ್ವಾ ಮೇಷ್ಟ್ರೇ?’ ಎಂದರು. ಹೌದು ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ‘ಯಾರಿಗೆ ಗೊತ್ತಿತ್ತು’ ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಸಂಜೆ ಸಂಕದವರೆಗೆ ಮಗ ಬಂದರು. ಲಡ್ಡಾದ ಮರ ಬದಲಿಸಲು ಹೊಸದೊಂದನ್ನು ಕಡಿದಿಟ್ಟಿದ್ದರು. ಬಸ್ಸು ಬರುವವರೆಗೆ ಆಶಾ ನನ್ನ ಜತೆ ನಿಂತಿದ್ದಳು. ‘ಸಾರ್, ಮುಂದಿನ ಸಲ ಆ ಪಾಠ ಮಾಡುವಾಗ ಮಂಚದ ಉದಾಹರಣೆನೂ ಹೇಳಿ. ಬ್ಯಾಗು, ಮೊಳೆ ಸಾಕು’ ಎಂದಳು.

ಮರುದಿನ ಸೋಮವಾರ ಎಂಟನೇ ತರಗತಿಗೆ ಹೋದಾಗ ಅಂದಿನ ಪಾಠ ಬೇರೆ ಇತ್ತು. ಅದನ್ನು ಬದಿಗಿಟ್ಟು ಕಪ್ಪುಹಲಗೆಯ ಮೇಲೆ ಒಂದು ಮಂಚ ಬರೆದೆ, ಅದರ ಮೇಲೆ ಮಲಗಿದ ಮನುಷ್ಯನನ್ನು ಬರೆದೆ, ಮೂಳೆ ತಾಗುವ ಜಾಗಗಳಿಗೆ ಬಾಣದ ಗುರುತು ಹಾಕಿದೆ. ‘ಮನೆಯಲ್ಲಿ ಯಾರಾದರೂ ಹೀಗೆ ಮಲಗಿದ್ದಾರೆಯೇ?’ ಎಂದು ಕೇಳಿದೆ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಕೈ ಎತ್ತಿದ. ಅವನನ್ನು ನೋಡಿ ಇನ್ನೊಬ್ಬಳು ಎತ್ತಿದಳು. ಮೂವತ್ತೆರಡು ಮಕ್ಕಳ ತರಗತಿಯಲ್ಲಿ ಐದು ಕೈಗಳು. ನಾನು ಮಡಿಸಿದ ಸೀರೆಯಿಂದ ಪಾಠ ಆರಂಭಿಸಿದೆ.